ತಲೆದೆಸೆಯ ದೀಪದ ಬಿಲ್ಲು

"ಏನಮ್ಮೋ, ಗುಡಿಸ್ಲೊಳಗೆ ಐಸ್ ಫ್ಯಾಕ್ಟ್ರಿ ಇಟ್ಕಂಡಿದೀಯೋ, ಇಲ್ಲ ಟಾಕೀಸು ನಡುಸ್ತಿದೀಯೋ?"

ಮೀಟರ್ ಓದುವವನು ಕಂಬದ ಬುಡದಲ್ಲಿ ನಿಂತು, ಕಣ್ಣಿಗೆ ಹಿಡಿದ ದುರ್ಬೀನನ್ನು ಇಳಿಸದೆಯೇ ಕೂಗಿದ. ಮನಿಲಾದ ಬಂದರಿನ ಬೆನ್ನಿಗಿರುವ ಆ ಕೇರಿಯ ಮೀಟರುಗಳನ್ನೆಲ್ಲ ಕರೆಂಟ್ ಕಂಪನಿಯವರು ಕಂಬದ ತುತ್ತತುದಿಯಲ್ಲಿ ತೆಂಗಿನ ಗೊನೆಯ ಹಾಗೆ ಕಟ್ಟಿದ್ದರು. ಕೈಗೆಟುಕಿದರೆ ಕಳ್ಳನನ್ಮಕ್ಕಳು ತಿರುಚಿಬಿಡುತ್ತಾರೆ ಅಂತ. ಹೀಗಾಗಿ ಯಾವ ಮನೆಯಲ್ಲಿ ಎಷ್ಟು ಉರಿಯಿತು ಅನ್ನುವುದು ಉರಿಸಿದವರಿಗೇ ಕಾಣದು. ತಿಂಗಳಿಗೊಮ್ಮೆ ದುರ್ಬೀನಿನವನು ಬಂದು ಹೇಳಿದ್ದೇ ವೇದವಾಕ್ಯ.

"ನಿನ್ ಗಂಡನ ಮೀಟ್ರು ಬಿದ್ದಂಬೀಳ ಓಡ್ತಾ ಐತೆ ಕಣಮ್ಮ. ನಾನು ಕಣ್ಣು ಮಿಟುಕ್ಸೋದ್ರೊಳಗೆ ನಂಬ್ರು ಉರುಳ್ತದೆ."

ತೆಕ್ಲಾ ತಲೆ ಎತ್ತಲಿಲ್ಲ. ಅವಳ ತೊಡೆಯ ನಡುವೆ ಬೆಳ್ಳುಳ್ಳಿಯ ಬುಟ್ಟಿಯಿತ್ತು. ಹೋಟೆಲುಗಳಿಗೆ ಕಳಿಸುವ ಬೆಳ್ಳುಳ್ಳಿಯನ್ನು ಸುಲಿದು ಕೊಡುವುದು ಅವಳ ಕೆಲಸ, ಅವಳದೇನು, ಆ ಸಾಲಿನ ಹೆಂಗಸರೆಲ್ಲರ ಕೆಲಸ. ಸುಲಿದು ಸುಲಿದು ಉಗುರಿನ ಬುಡ ಸದಾ ಹಸಿಗಾಯ. ಅವಳ ಬಲಕ್ಕೆ, ಎರಡು ಕಬ್ಬಿಣದ ಕಾಲುಗಳ ಮೇಲೆ, ಗಾಜಿನ ಮುಚ್ಚಳದ ಪೆಟ್ಟಿಗೆಯೊಳಗೆ ಗಂಡ ಬಾಲ್ದೊ ಮಲಗಿದ್ದ. ಸತ್ತು ತಿಂಗಳಾಗುತ್ತ ಬಂದಿತ್ತು. ಇನ್ನೂ ಮಣ್ಣು ಕಂಡಿರಲಿಲ್ಲ.

ಮೀಟರಿನವನು ಹೊಟ್ಟೆಗೆ ನೇತುಹಾಕಿಕೊಂಡ ಯಂತ್ರದಿಂದ ಚೀಟಿ ಹರಿದುಕೊಂಡು ಬಾಗಿಲ ತನಕ ಬಂದ. ಪೆಟ್ಟಿಗೆ ಕಂಡು ಗಡಿಬಿಡಿಯಲ್ಲಿ ಎದೆಗೆ ಶಿಲುಬೆ ಗೀಚಿಕೊಂಡ. ಸೂತಕದ ಮನೆಗೆ ಯಾರು ಕಾಲಿಡುತ್ತಾರೆ ಅಂತ ಚೀಟಿಯನ್ನು ಹೊಸ್ತಿಲ ಮೇಲೆ ಎಸೆದು ನಡೆದೇಬಿಟ್ಟ.

ಪಕ್ಕದಲ್ಲಿ ಸುಲಿಯುತ್ತಿದ್ದ ಲಿಗಾಯ ಅದನ್ನು ಎತ್ತಿಕೊಂಡಳು. ಬಾಯಿ ಅನ್ನುವುದು ಇರುವುದೇ ಬಯ್ಯುವುದಕ್ಕೆ ಅಂತ ತಿಳಿದವಳು ಅವಳು.

"ಅಯ್ಯಯ್ಯಪ್ಪ! ಇದೇನೆ ತೆಕ್ಲಾ, ಬಿಲ್ಲೋ, ಫೋನ್ ನಂಬ್ರೋ?"

ತೆಕ್ಲಾ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಚೀಟಿ ತೆಗೆದುಕೊಂಡಳು. ಅವಳ ಮನೆಯಲ್ಲಿ ಇದ್ದದ್ದು ಒಂದು ಬಲ್ಬು, ಒಂದು ಫ್ಯಾನು, ಒಂದು ಅನ್ನದ ಕುಕ್ಕರು. ಫ್ಯಾನೂ ಒಂದು ರೆಕ್ಕೆ ಮುರಿದದ್ದು. ತಿಂಗಳ ಬಿಲ್ಲೆಂದರೆ ಎರಡು ಚೀಲ ಬೆಳ್ಳುಳ್ಳಿ ಸುಲಿದರೆ ಮುಗಿಯುವ ಮಾತು. ಈಗ ಈ ಚೀಟಿಯಲ್ಲಿದ್ದದ್ದು ಮಳೆಗಾಲವೆಲ್ಲ ಕೂತು ಸುಲಿದರೂ ತೀರುವ ಮೊತ್ತವಲ್ಲ. ಕೆಳಗೆ ಕೆಂಪಕ್ಷರದಲ್ಲಿ, ಬರುವ ಸೋಮವಾರದೊಳಗೆ ಕಟ್ಟದಿದ್ದರೆ ಕರೆಂಟು ಕಡಿಯುತ್ತೇವೆ ಅಂತ ಬೇರೆ ಇತ್ತು. ಮೇಲೆ ಹೆಸರು ಬಾಲ್ದೊನದು.

"ನೋಡೋ," ಅಂದಳು ತೆಕ್ಲಾ ಪೆಟ್ಟಿಗೆಯ ಕಡೆ ತಿರುಗಿ. "ಬದುಕಿದ್ದಾಗ ನಿನ್ ಹೆಸ್ರಿಗೆ ಇಂಥಾ ದೊಡ್ಡ ಕಾಗ್ದ ಒಂದೂ ಬರ್ನಿಲ್ಲ."

ಬಾಲ್ದೊ ಆ ಕೇರಿಯ ತಂತಿ ಕೆಲಸದವನು. ಯಾರ ಮನೆಯ ಬಲ್ಬು ಆರಿದರೂ ಅವನನ್ನೇ ಕರೆಯುವುದು. ಬಂದರಿನ ಹತ್ತಿರ ಕಪ್ತಾನ ಅರ್ಸೆನಿಯೊನ ಐಸ್ ಮನೆ ಇದೆ. ಕಪ್ತಾನ ಅಂದರೆ ಸೈನ್ಯದವನಲ್ಲ, ಓಟು ಹಾಕಿಸಿಕೊಂಡು ಕೇರಿಗೆ ಯಜಮಾನನಾದವನು. ಅಲ್ಲಿಯ ಕಂಬದಲ್ಲಿ ಕಿಡಿ ಹಾರುತ್ತಿದೆ, ಹತ್ತಿ ನೋಡು ಅಂದರು. ಮೇನ್ ಸ್ವಿಚ್ಚು ತೆಗೆದಿದ್ದೇವೆ ಅಂದರು. ತೆಗೆದಿರಲಿಲ್ಲ. ತೆಗೆದರೆ ಐಸು ಕರಗುತ್ತದಲ್ಲ! ಬಾಲ್ದೊ ಕಂಬದ ಮೇಲೇ ಕರಿಕಾದ, ಐಸು ಮಾತ್ರ ಒಂದು ಹನಿ ಕರಗಲಿಲ್ಲ. ಕಪ್ತಾನನ ಕಚೇರಿಯ ಕಾಗದದಲ್ಲಿ ಬರೆದದ್ದು, ಕುಡಿದು ಹತ್ತಿ ಬಿದ್ದು ಸತ್ತ ಎಂದು.

ಕೊಲೆಯಾದವನ ಪೆಟ್ಟಿಗೆಯ ಗಾಜಿನ ಮೇಲೆ ನಾಲ್ಕು ಅಕ್ಕಿಕಾಳು ಹಾಕಿ ಕೋಳಿಮರಿಯೊಂದನ್ನು ಬಿಡುವುದು ಅಲ್ಲಿಯವರ ಪದ್ಧತಿ. ಮರಿ ಕುಕ್ಕಿದಷ್ಟೂ ಕೊಂದವನ ಎದೆಗೆ ಕುಕ್ಕುತ್ತದೆ ಅಂತ. ಮೊದಲ ದಿನವೇ ಬೆಳ್ಳುಳ್ಳಿ ಸಾಲಿನ ಹಿರಿಯಳಾದ ಪೂರಿಂಗಜ್ಜಿ ಮರಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಕಪ್ತಾನ ಅದರ ಕಾಲು ಹಿಡಿದು ಚರಂಡಿಗೆ ಎಸೆದಿದ್ದ. "ಇದು ಆಕ್ಸಿಡೆಂಟು ಕಣೇ ಮುದಿಗೊಡ್ಡು. ಮರಿಗಿರಿ ಬುಟ್ಟೀಯ, ಸೊಂಟ ಮುರೀತೀನಿ" ಅಂದಿದ್ದ. ಆಮೇಲೆ ದೊಡ್ಡ ಮನಸ್ಸು ಮಾಡಿ ಪೆಟ್ಟಿಗೆ ತಾನೇ ಕೊಡಿಸಿದ್ದ. ಊರೆಲ್ಲ ಹೊಗಳಿತ್ತು.

ಆ ದೊಡ್ಡ ಮನಸ್ಸಿನ ಒಳಗುಟ್ಟು ತೆಕ್ಲಾಳಿಗೆ ತಿಳಿದದ್ದು ವಾರ ಕಳೆದ ಮೇಲೆ. ಹೆಣ ಇರುವ ಮನೆಯಲ್ಲಿ ಇಸ್ಪೀಟು ಆಡಿದರೆ ಪೊಲೀಸರು ಕೇಳುವುದಿಲ್ಲ. ದುಃಖದವರಿಗೆ ರಾತ್ರಿ ಜೊತೆಯಾಗಲಿ, ಆಟದಲ್ಲಿ ಎತ್ತಿಟ್ಟ ಪಾಲು ಮಣ್ಣಿನ ಖರ್ಚಿಗಾಗಲಿ ಅಂತ ಹಿರಿಯರು ಮಾಡಿಟ್ಟ ದಾರಿ ಅದು. ಆ ದಾರಿಯಲ್ಲಿ ಕಪ್ತಾನ ಲಾರಿ ಓಡಿಸುತ್ತಿದ್ದ. ಬಾಲ್ದೊ ಸತ್ತ ಮರುದಿನವೇ ಅಂಗಳಕ್ಕೆ ಟಾರ್ಪಾಲು ಎಳೆದು ಮೇಜು ಹಾಕಿಸಿದ. ಮೇಜುಗಳ ಮೇಲೆ ಟ್ಯೂಬ್‌ಲೈಟು, ಆಡುವವರಿಗೆ ಸ್ಟ್ಯಾಂಡ್ ಫ್ಯಾನು, ಬಿಯರಿಗೆ ಫ್ರೀಜರು, ಸೋತವರು ಅರಚುವುದಕ್ಕೆ ಹಾಡಿನ ಪೆಟ್ಟಿಗೆ, ಎಲ್ಲ ಬಂತು. ಎಲ್ಲದರ ವಯರೂ ತೆಕ್ಲಾಳ ಗೋಡೆಯೊಳಗೆ ನುಗ್ಗಿತು. ಹೆಣದ ತಲೆದೆಸೆಯಲ್ಲಿ ಎರಡು ದೀಪ ಉರಿಯುತ್ತಿದ್ದವು, ಆರಬಾರದ ದೀಪ. ಆ ಎರಡರ ನೆವದಲ್ಲಿ ಉಳಿದ ಜಾತ್ರೆಯೆಲ್ಲ ಉರಿಯಿತು.

ಗಳಿಸುವ ಹೆಣವನ್ನು ಯಾರು ಹೂಳುತ್ತಾರೆ? ಹೂಳುವ ಮಾತೆತ್ತಿದಾಗಲೆಲ್ಲ ಕಪ್ತಾನ ಇನ್ನೊಂದು ವಾರ ಅನ್ನುತ್ತಿದ್ದ. ಬಾಲ್ದೊನ ಮುಖ ಕಪ್ಪಾದಾಗ ಹೆಣ ಕೆಡದ ಹಾಗೆ ಮಾಡುವ ಔಷಧದವನನ್ನು ಕರೆಸಿ ಸೂಜಿ ಹಾಕಿಸಿದ. ಕೆನ್ನೆಗೆ ಬಣ್ಣ ಬಳಿಸಿದ. ಬದುಕಿದ್ದಾಗ ಮುಖಕ್ಕೆ ಪೌಡರು ಕಾಣದ ಬಾಲ್ದೊ ಈಗ ನಾಟಕದ ರಾಜನ ಪಾರ್ಟು ಮಾಡುವವನಂತೆ ಮಲಗಿದ್ದ.

ತೆಕ್ಲಾಳಿಗೆ ಎಲ್ಲಕ್ಕಿಂತ ಹೇಸಿಗೆಯಾಗುತ್ತಿದ್ದದ್ದು ಕಸ. ಹೆಣ ಮನೆಯಲ್ಲಿರುವ ತನಕ ಗುಡಿಸಬಾರದು. ಗುಡಿಸಿದರೆ ಪೊರಕೆ ಇನ್ನೊಂದು ಜೀವವನ್ನೂ ಬಳಿದುಕೊಂಡು ಹೋಗುತ್ತದೆ ಅನ್ನುತ್ತಾರೆ. ಈ ಕಟ್ಟು ಮಾಡಿದ ಮುತ್ತಜ್ಜಿಯರಿಗೆ ಹೆಣ ತಿಂಗಳುಗಟ್ಟಲೆ ಬಿದ್ದಿರುತ್ತದೆ ಅಂತ ಹೊಳೆದಿರಲಿಕ್ಕಿಲ್ಲ. ಜೂಜುಕೋರರು ಉಗಿದ ಕಲ್ಲಂಗಡಿ ಬೀಜದ ಸಿಪ್ಪೆ, ಸಿಗರೇಟು ತುಂಡು, ಬಿಸ್ಕತ್ತಿನ ಪುಡಿ, ವಾಂತಿ, ಎಲ್ಲ ಪೆಟ್ಟಿಗೆಯ ಕೆಳಗಿನ ತನಕ ಹಾಸಿಕೊಂಡಿತ್ತು. ಅವಳು ಅದನ್ನು ತುಳಿದುಕೊಂಡೇ ಗಂಜಿ ಬೇಯಿಸಬೇಕಿತ್ತು.

*

ಕರೆಂಟ್ ಕಂಪನಿಯ ಕಚೇರಿಯಲ್ಲಿ ತಣ್ಣಗೆ ಎಸಿ ಹಾಕಿದ್ದರು. ತೆಕ್ಲಾ ಗಾಜಿನ ಕಿಂಡಿಯ ಮುಂದೆ ಕೂತಾಗ ಒಳಗಿದ್ದ ಹುಡುಗಿ ಸ್ವೆಟರಿನ ತೋಳಿನಿಂದ ಮೂಗು ಮುಚ್ಚಿಕೊಂಡಳು.

"ಏನ್ರೀ ಇದು ವಾಸನೆ?"

"ಬೆಳ್ಳುಳ್ಳಿ ಕಣಮ್ಮ. ನೀವು ತಿನ್ನೋದೇಯ."

ಹುಡುಗಿಗೆ ಆ ಮಾತು ರುಚಿಸಲಿಲ್ಲ. ಕಂಪ್ಯೂಟರು ನೋಡಿದಳು. "ಗ್ರಾಹಕರ ಹೆಸರು ಬಾಲ್ದೊ. ನೀವು?"

"ಹೆಂಡ್ತಿ."

"ಬಿಲ್ಲಿನ ಬಗ್ಗೆ ತಕರಾರಿದ್ದರೆ ಗ್ರಾಹಕರೇ ಖುದ್ದಾಗಿ ಬರಬೇಕು."

"ಅವ್ನು ಸತ್ತವ್ನೆ."

"ಹಾಗಾದರೆ ಮರಣ ಪತ್ರ ಕೊಡಿ."

"ಕಪ್ತಾನ್ರತ್ರ ಐತೆ. ಮಣ್ಣು ಮಾಡೋ ಹೊತ್ಗೆ ಕೊಡ್ತೀನಿ ಅಂದವ್ರೆ."

"ಮಣ್ಣು ಯಾವಾಗ ಆಗುತ್ತೆ?"

"ಇನ್ನೊಂದು ವಾರ ಅಂತವ್ರೆ, ತಿಂಗ್ಳಿಂದ."

ಹುಡುಗಿ ಟೈಪು ಮಾಡುವುದನ್ನು ನಿಲ್ಲಿಸಿ ಅವಳನ್ನೇ ನೋಡಿದಳು. "ನೋಡಮ್ಮ, ಪತ್ರ ಇಲ್ಲ ಅಂದ್ರೆ ನಮ್ಮ ಲೆಕ್ಕದಲ್ಲಿ ಅವರು ಸತ್ತಿಲ್ಲ. ಬದುಕಿದ್ದಾರೆ. ಬದುಕಿದ್ದವರು ಬಿಲ್ಲು ಕಟ್ಟಲೇಬೇಕು."

"ಬದುಕವ್ನೆ ಅಂದ್ರೆ ಬಾ ತಾಯಿ, ಮನೇಲೇ ಅವ್ನೆ. ನೀನೇ ಕೇಳು."

ಸಾಲಿನಲ್ಲಿದ್ದವರು ಗೊಳ್ಳೆಂದರು. ಒಳಗಿನ ಕೋಣೆಯಿಂದ ದೊಡ್ಡ ಸಾಹೇಬ ಹೊರಬಂದ. ಕತ್ತಿನಲ್ಲಿ ಕಂಪನಿಯ ಪಟ್ಟಿ, ಕೈಯಲ್ಲಿ ಕಾಫಿ ಲೋಟ. ಬಿಲ್ಲು ನೋಡಿದ, ವಿಳಾಸ ನೋಡಿದ, ನಗಾಡಿದ.

"ಓ, ಆ ಕೇರಿನಾ? ಇವರ ಕತೆ ನಂಗೊತ್ತು. ಹೆಣ ಇಟ್ಕೊಂಡು ರಾತ್ರಿಯೆಲ್ಲ ಜೂಜಾಡಿಸೋದು, ಬೆಳಗಾದ ಮೇಲೆ ಇಲ್ಲಿಗೆ ಬಂದು ಅಳೋದು. ಏನಮ್ಮ, ಗಂಡನಿಗೆ ಸೆಕೆ ಆಗುತ್ತೆ ಅಂತ ಫ್ಯಾನು ಹಾಕಿದ್ದೆಯಾ?"

"ಫ್ಯಾನು ನಂದಲ್ಲ, ಸ್ವಾಮಿ. ಆಟ ನಂದಲ್ಲ. ಅದ್ರ ಕಾಸೂ ನಂಗಲ್ಲ."

"ಮೀಟರು ನಿಂದೇ ತಾನೆ?"

ಸಾಹೇಬ ಕಾಫಿ ಹೀರುತ್ತ ಒಳಕ್ಕೆ ಹೋದ. ಹುಡುಗಿ ಮುಂದಿನವರನ್ನು ಕರೆದಳು. ತೆಕ್ಲಾ ಎದ್ದ ಕುರ್ಚಿಯನ್ನು ಜವಾನನೊಬ್ಬ ಬಟ್ಟೆ ತಂದು ಒರೆಸಿದ. ಅವಳು ಬಾಗಿಲ ಹತ್ತಿರ ನಿಂತು ಅವನು ಪೂರ್ತಿ ಒರೆಸುವುದನ್ನು ನೋಡಿಯೇ ಹೊರಗೆ ಬಂದಳು.

*

ಸಂಜೆ ಕಪ್ತಾನ ಬಂದ. ಅತ್ತರಿನ ಘಮ ಮೊದಲು, ಹೊಟ್ಟೆ ಆಮೇಲೆ, ಕೊನೆಗೆ ಕಪ್ತಾನ. ಹಿಂದೆ ಅವನ ಬಂಟ ಕಿಕೊ. ಮೇಜು ನೋಡಿಕೊಳ್ಳುವವನು, ಆಟದ ಪಾಲು ಬೀಳುವ ಬಿಸ್ಕತ್ತಿನ ಡಬ್ಬವನ್ನು ಕಂಕುಳಲ್ಲಿ ಇರುಕಿಕೊಂಡೇ ಉಚ್ಚೆಗೆ ಹೋಗುವವನು ಅವನು.

ಕಪ್ತಾನ ಪೆಟ್ಟಿಗೆಯ ಮುಂದೆ ನಿಂತು ಮೂಗಿಗೆ ಕರ್ಚೀಫು ಹಿಡಿದು ಕಣ್ಣು ಮುಚ್ಚಿದ. ಪ್ರಾರ್ಥನೆ ಒಂದು ಆಕಳಿಕೆಯಷ್ಟು ಹೊತ್ತು ನಡೆಯಿತು.

"ಕಪ್ತಾನ್ರೇ, ಬಿಲ್ಲು ಬಂದೈತೆ." ತೆಕ್ಲಾ ಚೀಟಿ ಮುಂದೆ ಹಿಡಿದಳು.

ಅವನು ಅದನ್ನು ದೂರದಿಂದಲೇ ನೋಡಿ ಸೀಟಿ ಹೊಡೆದ. "ಏನೇ ಇದು! ಕರೆಂಟ್ನ ನೀರ್ನಂಗೆ ಸುರಿದಿದೀಯಲ್ಲೇ. ಒಂಚೂರು ಹಿಡಿತ ಬ್ಯಾಡ್ವಾ ಹೆಂಗಸ್ರಿಗೆ?"

ಮೇಜಿನ ಸುತ್ತ ಕೂತವರು ನಕ್ಕರು. ಕಪ್ತಾನನ ಮಾತಿಗೆ ನಗುವುದೂ ಆಟದ ಒಂದು ನಿಯಮ.

"ಆ ಡಬ್ಬದಲ್ಲಿರೋ ಕಾಸು ಕೊಡ್ಸಿ. ಬಿಲ್ಲು ಕಟ್ತೀನಿ, ನಾಳೆನೇ ಮಣ್ಣು ಮಾಡ್ತೀನಿ. ಇವ್ನು ಇರೋಗಂಟ ದೀಪ ಉರೀತದೆ, ದೀಪ ಉರಿಯೋಗಂಟ ಬಿಲ್ಲು ಬೆಳೀತದೆ. ಇವನ್ನ ಕಳ್ಸಿಕೊಡಿ, ನಿಮ್ ಕಾಲಿಗೆ ಬೀಳ್ತೀನಿ."

ಕಿಕೊ ಡಬ್ಬವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದ. "ಯಾವ ಕಾಸೇ? ಪೆಟ್ಗೆ ಯಾರಪ್ಪ ಕೊಟ್ಟ? ಸೂಜಿ ಹಾಕ್ದೋನು ಪುಕ್ಸಟ್ಟೆ ಹಾಕಿದ್ನಾ? ಕಾಪಿ, ಬಿಸ್ಕತ್ತು, ಪೊಲೀಸ್ನೋರ ಬಾಯಿ? ಲೆಕ್ಕ ಹಾಕಿದ್ರೆ ನೀನೇ ಕೊಡ್ಬೇಕು, ಲೌಡಿ."

"ಏಯ್, ದುಃಖದಲ್ಲಿರೋಳ್ನ ಹಂಗನ್ಬಾರ್ದು ಕಣ್ಲಾ," ಅಂದ ಕಪ್ತಾನ, ಮೆತ್ತಗೆ. ಅವನ ಮೆತ್ತಗಿನ ಮಾತು ಬೈಗುಳಕ್ಕಿಂತ ಕಡೆ. ತೆಕ್ಲಾಳ ಬೆನ್ನ ಮೇಲೆ ಕೈಯಿಟ್ಟ. ಕೈ ಅಲ್ಲೇ ಸ್ವಲ್ಪ ಹೊತ್ತು ಕೂತಿತು. "ನೋಡು ಮಗಾ, ಇನ್ನೆರಡು ವಾರ ಇರ್ಲಿ. ಆಟ ಚೆಂದಾಗಿ ನಡೀತಾ ಐತೆ. ನಿನ್ ಗಂಡ ಪುಣ್ಯವಂತ. ಬದುಕಿದ್ದಾಗ ಇಷ್ಟು ಜನ ಬಂದು ನೋಡಿದ್ರಾ ಅವನ್ನ? ಬಿಲ್ಲಿಗೆ ಏನಾದ್ರೂ ಮಾಡಾಣ."

ಹೊರಡುವಾಗ ಕಪ್ತಾನ ಮಾಮೂಲಿನಂತೆ ಎಡಕ್ಕೆ ತಿರುಗಿ ಬ್ರೆಡ್ ಅಂಗಡಿಗೆ ಹೋದ. ಅವನ ಮನೆ ಇರುವುದು ಬಲಕ್ಕೆ. ಸಾವಿನ ಮನೆಯಿಂದ ನೇರವಾಗಿ ಸ್ವಂತ ಮನೆಗೆ ಹೋದರೆ ಸತ್ತವನು ಬೆನ್ನು ಹತ್ತಿ ಬರುತ್ತಾನೆ. ನಡುವೆ ಎಲ್ಲಾದರೂ ನಿಂತು ಅವನನ್ನು ಉದುರಿಸಿ ಹೋಗಬೇಕು. ಪೊಲೀಸರಿಗೆ ಹೆದರದವನು, ಪಾದ್ರಿಗೆ ಹೆದರದವನು, ತಿಂಗಳಿಂದ ಒಂದು ದಿನವೂ ತಪ್ಪದೆ ಎರಡು ಬನ್ನು ಕೊಂಡು ಬಾಲ್ದೊನನ್ನು ಅಲ್ಲಿ ಉದುರಿಸಿ ಹೋಗುತ್ತಿದ್ದ. ತೆಕ್ಲಾ ಬಾಗಿಲಲ್ಲಿ ನಿಂತು ನೋಡಿದಳು. ಬನ್ನಿನ ಪೊಟ್ಟಣ ಹಿಡಿದು ತಿರುಗಿ ತಿರುಗಿ ಹಿಂದೆ ನೋಡುತ್ತ ಹೋಗುತ್ತಿದ್ದ ಆ ದಪ್ಪ ಕುತ್ತಿಗೆಯನ್ನು ಕಂಡು, ಇಷ್ಟು ದಿನದಲ್ಲಿ ಮೊದಲ ಸಲ ಅವಳಿಗೆ ನಗು ಬಂತು.

*

ಶನಿವಾರ ಮಧ್ಯಾಹ್ನ ಕಿಕೊ ಔಷಧದವನನ್ನು ಕರೆದುಕೊಂಡು ಬಂದ. ಗಾಜು ತೆಗೆದರು. ಔಷಧದವನು ಬಾಲ್ದೊನ ಅಂಗಿಯ ಗುಂಡಿ ಬಿಚ್ಚಿ, ಗೋಣಿಚೀಲಕ್ಕೆ ದಬ್ಬಣ ಚುಚ್ಚುವ ಹಾಗೆ ಸೂಜಿ ಚುಚ್ಚಿದ. ಬಾಯಲ್ಲಿ ಹಾಡು ಗುನುಗುತ್ತಿದ್ದ.

"ಮತ್ಯಾಕೆ ಸೂಜಿ?" ತೆಕ್ಲಾ ಕೇಳಿದಳು.

"ದಾರಿಲಿ ಕುಲುಕಾಡಿದ್ರೆ ನೀರು ಬುಡ್ತದೆ," ಅಂದ ಕಿಕೊ, ಹಲ್ಲಿಗೆ ಕಡ್ಡಿ ಹಾಕುತ್ತ.

"ಯಾವ ದಾರಿ?"

"ಸೋಮಾರ ನಿನ್ ಕರೆಂಟು ಕಿತ್ತಾಕ್ತಾರೆ. ಕತ್ಲಲ್ಲಿ ಆಟ ಆಡೋಕಾಗ್ತದಾ? ಮೀನು ಮಂಡಿ ಕಡೆ ಕೇರಿಲಿ ಒಬ್ಬ ನನ್ಮಗ್ನೂ ಸಾಯ್ತಿಲ್ಲ, ಅಲ್ಲಿ ಆಡ್ಸೋರು ಬಾಯಿಬಾಯಿ ಬುಡ್ತವ್ರೆ. ನಾಳೆ ಸಂಜೆ ಗಾಡಿ ಬರ್ತದೆ. ಕಪ್ತಾನ್ರು ಮಾತಾಡವ್ರೆ. ಎರಡು ವಾರ ಬಾಡ್ಗೆ."

ತೆಕ್ಲಾಳಿಗೆ ಮೊದಲು ಅರ್ಥವಾಗಲಿಲ್ಲ. ಬಾಡಿಗೆ ಅಂದರೆ ಫ್ಯಾನು, ಮೇಜು, ಟಾರ್ಪಾಲು ಅಂದುಕೊಂಡಳು. ಆಮೇಲೆ ಅವನ ಕಡ್ಡಿ ತೋರಿಸುತ್ತಿದ್ದ ಕಡೆ ನೋಡಿದಳು.

"ಇವನ್ನಾ? ಬಾಡ್ಗೆಗಾ?"

"ನಿನ್ ಬಿಲ್ಲೂ ಅದ್ರಲ್ಲೇ ತೀರ್ತದಲ್ಲೇ. ಕಪ್ತಾನ್ರ ಮನ್ಸು ನೋಡು."

"ಅಲ್ಲಿ ಇವ್ನಿಗೆ ಯಾರವ್ರೆ? ಯಾರ್ ಅಳ್ತಾರೆ? ಹೆಸ್ರೇನಂತ ಹೇಳ್ತೀರಾ?"

"ಯಾವನಿಗೆ ಬೇಕೆ ಹೆಸ್ರು? ಒಂದು ಹೆಣ ಇದ್ರಾಯ್ತು." ಕಿಕೊ ಕಡ್ಡಿ ಉಗಿದ. ಅದು ಉಳಿದ ಕಸದ ಜೊತೆ ಸೇರಿತು. "ಅಳೋದೇ ಆದ್ರೆ ನೀನೂ ಗಾಡಿ ಹತ್ತು. ಊಟ ಹಾಕ್ತಾರೆ."

ಔಷಧದವನು ಸೂಜಿ ಕಿತ್ತು ಬಾಲ್ದೊನ ಅಂಗಿಗೇ ಒರೆಸಿದ. ಅವರಿಬ್ಬರೂ ಹೋದ ಮೇಲೆ ತೆಕ್ಲಾ ಗಂಡನ ಅಂಗಿಯ ಗುಂಡಿ ಹಾಕಿದಳು. ಹಡೆದ ತಾಯಿಯನ್ನು ಬೈದರೂ ತಡೆದುಕೊಳ್ಳುವವಳು ಅವಳು. ಇವರು ಅವಳ ಗಂಡನನ್ನು ಕೊಡೆಯ ಹಾಗೆ, ಸೈಕಲ್ಲಿನ ಹಾಗೆ ಬಾಡಿಗೆಗೆ ಬಿಡಲು ಹೊರಟಿದ್ದರು. ಇವತ್ತು ಮೀನು ಮಂಡಿ, ಆಮೇಲೆ ಇನ್ನೆಲ್ಲಿಗೋ. ಬಾಲ್ದೊ ಇನ್ನು ಮಣ್ಣಿಗೆ ಹೋಗುವುದಿಲ್ಲ ಅನ್ನುವುದು ಅವಳಿಗೆ ಹಗಲಿನಷ್ಟು ನಿಚ್ಚಳವಾಗಿ ಕಂಡಿತು.

ಲಿಗಾಯಳನ್ನು ಕರೆದಳು. "ನಾಳೆ ಮಧ್ಯಾಹ್ನ ಕಪ್ತಾನನ ಮನೇಲಿ ಏನೋ ಊಟ ಅಲ್ವೇನೆ?"

"ಮೊಮ್ಮಗೀನ್ದು ದೀಕ್ಷಾಸ್ನಾನ. ಎರಡು ಹಂದಿ ಸುಡ್ತಾವ್ನಂತೆ. ನಮ್ಮನ್ನೇನು ಕರ್ದಿದಾನಾ, ಹಲ್ಕಟ್ ನನ್ಮಗ."

"ನಾನು ಕರೀತೀನಿ. ಎಲ್ಲಾರೂ ಬನ್ನಿ."

*

ಭಾನುವಾರ ಮಧ್ಯಾಹ್ನ. ರಾತ್ರಿಯ ಜೂಜುಕೋರರಲ್ಲಿ ಇಬ್ಬರು ಮೇಜಿನ ಮೇಲೇ ಬಾಯಿ ತೆರೆದು ನಿದ್ದೆ ಹೋಗಿದ್ದರು. ಕಿಕೊ ಕಪ್ತಾನನ ಮನೆಯಲ್ಲಿ ಹಂದಿ ತಿರುಗಿಸುತ್ತಿದ್ದ. ಬೆಳ್ಳುಳ್ಳಿ ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ತೆಕ್ಲಾಳ ಬಾಗಿಲಲ್ಲಿ ನಿಂತರು. ಕೊನೆಗೆ ಬಂದ ಪೂರಿಂಗಜ್ಜಿಯ ಮಡಿಲಲ್ಲಿ ಏನೋ ಚಿಂವ್ ಅನ್ನುತ್ತಿತ್ತು.

ತೆಕ್ಲಾ ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡಳು. ಪೆಟ್ಟಿಗೆಯ ಕೆಳಗಿನಿಂದ ಶುರುಮಾಡಿದಳು. ಬರ್ರನೆ ಎಳೆದಳು.

"ಏಯ್ ಏಯ್! ಹೆಣ ಇಟ್ಕಂಡು ಗುಡುಸ್ತಾರೇನೆ?" ಅಜ್ಜಿ ಎದೆ ಹಿಡಿದುಕೊಂಡಳು. "ಇನ್ನೊಂದು ಹೆಣ ಬೀಳ್ತದೆ ಕಣೇ!"

"ಬೀಳ್ಲಿ ಬುಡಜ್ಜಿ. ಈ ಸಲ ನಮ್ಮನೇಲಲ್ಲ."

ಯಾರೂ ತಡೆಯಲಿಲ್ಲ. ತಿಂಗಳ ಕಸ, ಸಿಪ್ಪೆ, ಸಿಗರೇಟು ತುಂಡು, ಕಿಕೊನ ಹಲ್ಲುಕಡ್ಡಿ ಸಮೇತ ಹೊಸ್ತಿಲು ದಾಟಿ ಮೇಜಿನ ಕಾಲುಗಳಿಗೆ ಹೋಗಿ ಬಿತ್ತು. ನೆಲ ಕಂಡಿತು. ಆಮೇಲೆ ಅವಳು, ಹೆಣದ ತಲೆದೆಸೆ ಕತ್ತಲಾಗದಿರಲಿ ಅಂತ, ಪೂರಿಂಗಜ್ಜಿಗೆ ಮೇಣದಬತ್ತಿ ಹಚ್ಚಿಕೊಳ್ಳಲು ಹೇಳಿ, ಸ್ಟೂಲು ಹತ್ತಿ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದಳು. ಫ್ರೀಜರು ಒಂದು ಸಲ ಕೆಮ್ಮಿ ಸುಮ್ಮನಾಯಿತು. ಫ್ಯಾನು ನಿಂತಿತು. ಮೇಜಿನ ಮೇಲೆ ಮಲಗಿದ್ದವನು ಸೆಕೆಗೆ ಎಚ್ಚರಾಗಿ, "ಯಾವ ಬೋಳಿಮಗಳೇ ಕರೆಂಟು ತೆಗ್ದೋಳು?" ಅಂದ. ಏಳೆಂಟು ಹೆಂಗಸರು ಒಟ್ಟಿಗೆ ತಿರುಗಿ ನೋಡಿದ್ದು ಕಂಡು ಮತ್ತೆ ಕಣ್ಣು ಮುಚ್ಚಿದ.

ತಲೆದೆಸೆಯ ದೀಪ ಒಂದನ್ನು ವಯರು ಸಮೇತ ಕಿತ್ತು ತೆಕ್ಲಾ ಬೆಳ್ಳುಳ್ಳಿಯ ಬುಟ್ಟಿಯಲ್ಲಿಟ್ಟುಕೊಂಡಳು. ಹೆಂಗಸರು ಪೆಟ್ಟಿಗೆಗೆ ಹೆಗಲು ಕೊಟ್ಟರು.

"ಹಗುರಾಗವ್ನೆ ಕಣೇ," ಅಂದಳು ಲಿಗಾಯ. "ಎಲ್ಲಾನೂ ತಿಂದವ್ರೆ ನನ್ಮಕ್ಳು."

ಬೀದಿಯಲ್ಲಿ ಹೋಗುವವರು ಟೋಪಿ ತೆಗೆದರು. ಟ್ರೈಸಿಕಲ್ಲುಗಳು ನಿಂತವು. ಕೊನೆಗೂ ಮಣ್ಣಿಗೆ ಹೊರಟರು ಅಂತ ಎಲ್ಲರೂ ಅಂದುಕೊಂಡರು. ಸ್ಮಶಾನದ ತಿರುವು ಬಂತು, ಹೆಂಗಸರು ತಿರುಗಲಿಲ್ಲ. ಹಿಂದೆ, ಕೇರಿಯ ಆ ಬದಿಯಲ್ಲಿ, ಬ್ರೆಡ್ ಅಂಗಡಿಯವನು ಬಾಗಿಲಿಗೆ ಬಂದು ನೋಡುತ್ತ ನಿಂತ. ಅವನ ಅಂಗಡಿಯ ಕಡೆ ಯಾರೂ ಮುಖ ಕೂಡ ತಿರುಗಿಸಲಿಲ್ಲ.

ಕಪ್ತಾನನ ಗೇಟು ಊಟಕ್ಕೆಂದು ಹಾರುಹೊಡೆದಿತ್ತು. ಕಾವಲಿನವನು ಅಡ್ಡ ಬರಲು ಹೆಜ್ಜೆ ಎತ್ತಿದವನು ಪೆಟ್ಟಿಗೆ ಕಂಡು ಎದೆಗೆ ಶಿಲುಬೆ ಬರೆದುಕೊಂಡು ಸರಿದ. ಹೆಣವನ್ನು ತಡೆದು ಗೊತ್ತಿರಲಿಲ್ಲ ಅವನಿಗೆ. ಒಳಗೆ ನುಣುಪಾದ ಬಿಳಿ ಕಲ್ಲಿನ ನೆಲ. ಊಟದ ಉದ್ದ ಮೇಜು. ಪಾದ್ರಿಯ ಕೈಯಲ್ಲಿ ಹಂದಿಯ ಪಕ್ಕೆಲುಬು. ಜೂಜಿನ ಹೆಣಕ್ಕೆ ಪ್ರಾರ್ಥನೆ ಹೇಳಲ್ಲ ಅಂತ ತೆಕ್ಲಾಳನ್ನು ಚರ್ಚಿನ ಮೆಟ್ಟಿಲಿನಿಂದಲೇ ಓಡಿಸಿದ್ದ ಪಾದ್ರಿಯೇ ಅವನು. ಬಾಯಿಯೊಳಗಿದ್ದದ್ದನ್ನು ನುಂಗಲೂ ಆಗದೆ ಉಗಿಯಲೂ ಆಗದೆ ಎದ್ದು ನಿಂತ. ಎಲ್ಲರೂ ಎದ್ದು ನಿಂತರು.

ಹೆಂಗಸರು ಪೆಟ್ಟಿಗೆಯನ್ನು ನಡುಮನೆಯಲ್ಲಿ, ಎರಡು ಕುರ್ಚಿಗಳನ್ನು ಎಳೆದು ಅವುಗಳ ಮೇಲೆ ಇಳಿಸಿದರು.

ಕಪ್ತಾನ ಕತ್ತಿಗೆ ಕಟ್ಟಿಕೊಂಡ ಊಟದ ಬಟ್ಟೆಯಲ್ಲೇ ಓಡಿ ಬಂದ. "ಏಯ್ ಬೇವರ್ಸಿ ಮುಂಡೇರಾ! ಎಲ್ಲಿಗೆ ತಂದ್ರೇ ಇದ್ನ? ಮಗೂನ್ ಶುಭಕಾರ್ಯ ನಡೀತಿರೋ ಮನೆಗೆ... ಮನೆಯಿಂದ ನೇರ ಇಲ್ಲಿಗೇ ತಂದ್ರಾ?"

"ನೇರ ಇಲ್ಲಿಗೇಯ," ಅಂದಳು ತೆಕ್ಲಾ. "ಬ್ರೆಡ್ ಅಂಗ್ಡೀಲಿ ನಿಲ್ಲಿಸ್ನಿಲ್ಲ."

ಕಪ್ತಾನನ ಮುಖದ ಬಣ್ಣ ಇಳಿದದ್ದನ್ನು ಮನೆ ತುಂಬ ಕೂತ ನೆಂಟರೆಲ್ಲ ನೋಡಿದರು. ತೆಕ್ಲಾ ಬುಟ್ಟಿಯಿಂದ ದೀಪ ತೆಗೆದಳು. ಬಾಲ್ದೊನ ತಲೆಯ ಹತ್ತಿರ ನಿಲ್ಲಿಸಿದಳು. ವಯರು ಹಿಡಿದು ಗೋಡೆಯುದ್ದಕ್ಕೂ ನಡೆದು, ಕಪ್ತಾನನ ಟಿವಿಯ ಪಿನ್ನು ಕಿತ್ತೆಸೆದು, ಅದರ ಜಾಗಕ್ಕೆ ಗಂಡನ ದೀಪದ ಪಿನ್ನು ಚುಚ್ಚಿದಳು. ದೀಪ ಹತ್ತಿತು.

"ನನ್ ಮೀಟ್ರು ಸಾಕಾಯ್ತು ಕಪ್ತಾನ. ಇನ್ಮೇಕೆ ಇವ್ನು ನಿನ್ ಮೀಟ್ರಲ್ಲಿ ಉರೀಲಿ. ಸತ್ತದ್ದೂ ನಿನ್ ಕರೆಂಟ್ನಲ್ಲೇ ಅಲ್ವಾ?"

"ಕಿಕೊ! ಎತ್ರೋ ಇದ್ನ! ಬೀದಿಗೆ ಬಿಸಾಕ್ರೋ!"

ಕಿಕೊ ಕೈಯ ಎಣ್ಣೆ ಒರೆಸಿಕೊಳ್ಳುತ್ತ ಬಂದ. ಅಷ್ಟರಲ್ಲಿ ಪೂರಿಂಗಜ್ಜಿ ಮಡಿಲಿನಿಂದ ಮರಿಯನ್ನು ತೆಗೆದು ಗಾಜಿನ ಮೇಲೆ ಬಿಟ್ಟಿದ್ದಳು. ನಾಲ್ಕು ಅಕ್ಕಿಕಾಳು ಹಾಕಿದಳು. ಹಳದಿ ಮರಿ ತಲೆ ಓರೆ ಮಾಡಿ ಒಂದು ಸಲ ಕಪ್ತಾನನ ಕಡೆ, ಒಂದು ಸಲ ಕಾಳಿನ ಕಡೆ ನೋಡಿ ಕುಕ್ಕಿತು. ಟಿಕ್. ಕಿಕೊ ಅಲ್ಲೇ ನಿಂತ. ಮರಿ ಕುಕ್ಕುವ ಪೆಟ್ಟಿಗೆಗೆ ಕೈಹಾಕುವವನು ಕೊಲೆಯ ಪಾಲುದಾರ ಅನ್ನುವುದು ಅಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು.

"ಎತ್ತೋ ಅಂದ್ರೆ!"

"ನೀವೇ ಎತ್ತಿ ಕಪ್ತಾನ್ರೇ," ಅಂದ ಕಿಕೊ, ನೆಲ ನೋಡುತ್ತ.

ಕಪ್ತಾನ ಮರಿಯತ್ತ ಕೈ ಚಾಚಿದ. ಮೊದಲ ದಿನ ಚರಂಡಿಗೆ ಎಸೆದಿದ್ದನಲ್ಲ, ಅದೇ ಕೈ. ಅವತ್ತು ನೋಡುವುದಕ್ಕೆ ಇದ್ದದ್ದು ಬೆಳ್ಳುಳ್ಳಿ ಸುಲಿಯುವವರು. ಇವತ್ತು ಪೊಲೀಸ್ ಸಾಹೇಬನಿದ್ದ, ಪಾದ್ರಿಯಿದ್ದ, ಬೀಗರಿದ್ದರು. "ಮುಟ್ಬೇಡ್ರೀ!" ಅಂತ ಅವನ ಹೆಂಡತಿ ಚೀರಿದಳು. ಕೈ ಗಾಳಿಯಲ್ಲೇ ನಿಂತಿತು.

ಬೀಗರು ಮೊದಲು ಎದ್ದರು. ಮಗುವನ್ನು ಎದೆಗೆ ಅವುಚಿಕೊಂಡು ಗೋಡೆಯ ಬದಿಯಿಂದ ಜಾರಿದರು. ಪಾದ್ರಿ ಕೈ ತೊಳೆಯುವ ನೆವದಲ್ಲಿ ಹೋದವನು ತಿರುಗಿ ಬರಲಿಲ್ಲ. ಸಾವಿನ ಮನೆಯಿಂದ ಹೊರಡುವವರನ್ನು ಬೀಳ್ಕೊಡಬಾರದು. ಯಾರೂ ಯಾರನ್ನೂ ಬಾಗಿಲ ತನಕ ಕಳಿಸಲಿಲ್ಲ.

ತೆಕ್ಲಾ ಬಿಳಿ ಕಲ್ಲಿನ ನೆಲದ ಮೇಲೆ ಕಾಲು ಚಾಚಿ ಕೂತಳು. ಬುಟ್ಟಿ ಎಳೆದುಕೊಂಡು ಒಂದು ಬೆಳ್ಳುಳ್ಳಿ ಗೆಡ್ಡೆ ಒಡೆದಳು. ಲಿಗಾಯ ಕೂತಳು. ಉಳಿದವರೂ ಸುತ್ತ ಕೂತರು. ಸಿಪ್ಪೆ ಹಾರಿತು. ಕಪ್ತಾನನ ಫ್ಯಾನಿನ ಗಾಳಿಗೆ ಅದು ಸೋಫಾದ ಮೇಲೆ, ಹಂದಿಯ ತಟ್ಟೆಯ ಮೇಲೆ, ಕಪ್ತಾನನ ಬರಿಗಾಲಿನ ಮೇಲೆ ಹೋಗಿ ಕೂತಿತು. ನಾತ ಮನೆ ತುಂಬಿತು.

ಕೆಲಸದವಳು ಪೊರಕೆ ಹಿಡಿದು ಬಂದಳು.

"ಗುಡುಸ್ಬೇಡ ಕಣವ್ವ," ಅಂದಳು ಲಿಗಾಯ. "ಹೆಣ ಇರೋ ಮನೆ."

ಕೆಲಸದವಳು ಯಜಮಾನಿಯ ಮುಖ ನೋಡಿದಳು. ಯಜಮಾನಿ ಪೊರಕೆಯನ್ನು ಅವಳ ಕೈಯಿಂದ ಕಿತ್ತು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ಕಪ್ತಾನ ಒಂದು ಕುರ್ಚಿ ಹಿಡಿದುಕೊಂಡು ಪೆಟ್ಟಿಗೆಯನ್ನೇ ನೋಡುತ್ತ ನಿಂತಿದ್ದ. ಗಾಜಿನ ಮೇಲೆ ಕಾಳು ಮುಗಿದಿತ್ತು. ಮರಿ ಇನ್ನೂ ಕುಕ್ಕುತ್ತಲೇ ಇತ್ತು, ಬಾಲ್ದೊನ ಬಣ್ಣ ಬಳಿದ ಮುಖದ ಮೇಲುಗಡೆ, ಟಿಕ್, ಟಿಕ್. ಪೂರಿಂಗಜ್ಜಿ ಮಡಿಲಿಗೆ ಕೈಹಾಕಿ ಇನ್ನೊಂದು ಹಿಡಿ ಅಕ್ಕಿ ತೆಗೆದಳು.